ಮಜ್ಜಿಗೆ ತೊಟ್ಟಿಯ ಗಿಲ್ಲಿಸ್ ಕಂಡದ್ದು

ಗಿಲ್ಲಿಸನ ಮುತ್ತಜ್ಜಿ ಲೈಸ್ಕೆನ್ ಫ್ಲಾಂಡರ್ಸ್ ಸೀಮೆಯ ನೇಕಾರರ ಮನೆಯ ಹೆಣ್ಣು. ಕೂಸಾಗಿದ್ದಾಗ ಪಾದ್ರಿ ಚಿಮುಕಿಸಿದ ನೀರು ಸಾಲದೆಂದು, ಬುದ್ಧಿ ಬಂದ ಮೇಲೆ ತಾನೇ ಒಪ್ಪಿ ಎರಡನೆಯ ಸಲ ದೀಕ್ಷೆಯ ನೀರು ಹಾಕಿಸಿಕೊಂಡಳು. ಅಷ್ಟಕ್ಕೇ ಅವಳನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಗೆ ಹಾಕಿದರು. ಚೀಲದ ಬಾಯಿ ಕಟ್ಟುವ ಹೊತ್ತಿನಲ್ಲಿ ಕೊಲ್ಲಲು ಬಂದವನಿಗೇ ಕರುಳು ಚುರುಕ್ಕೆಂದಿತು. ಬಾಯಿಬಿಟ್ಟು ಏನೂ ಹೇಳಬೇಡ ತಾಯಿ, ತಪ್ಪಾಯಿತು ಎಂಬಂತೆ ತಲೆಯೊಂದನ್ನು ಆಡಿಸು, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಎಂದನಂತೆ. ಲೈಸ್ಕೆನ್ ಕತ್ತನ್ನು ನೆಟ್ಟಗೆ ಹಿಡಿದುಕೊಂಡೇ ಚೀಲದೊಳಕ್ಕೆ ಹೋದಳು.

ಅವಳ ಮಗ ಯೋಸ್ ಒಂದು ಲಾಳಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಉತ್ತರಕ್ಕೆ ಓಡಿಬಂದ. ಹಾರ್ಲೆಮ್ ಪಟ್ಟಣದ ಹಿಂದೆ ಸಮುದ್ರದ ಮರಳುದಿಬ್ಬಗಳ ಬುಡದಲ್ಲಿ ನೆಲೆ ನಿಂತು, ನೇಯ್ದ ನಾರುಬಟ್ಟೆಯನ್ನು ಬೆಳ್ಳಗೆ ಮಾಡಿಕೊಡುವ ಚಲುವೆ ಕೆಲಸಕ್ಕೆ ಕೈಹಾಕಿದ. ಅಲ್ಲಿಗೂ ಪಂಥದವರನ್ನು ಹುಡುಕಿಕೊಂಡು ಸ್ಪೇನಿನ ದೊರೆಯ ಸಿಪಾಯಿಗಳು ಬಂದರು. ಲೈಸ್ಕೆನಳ ಪಂಥದ ಬೋಧಕನೊಬ್ಬ ಯೋಸನ ಮರೆ ಹೊಕ್ಕಿದ್ದ. ಮನೆಯೊಳಗೆ ಯಾರಿದ್ದಾರೆ ಎಂದು ಸಿಪಾಯಿಗಳು ಗದರಿದಾಗ ಯೋಸ್, ಮನೆಯೊಳಗೆ ನನ್ನ ಹೆಂಡತಿ ಮತ್ತು ನನ್ನ ಬೆಕ್ಕು, ಮೂರನೆಯ ಜೀವ ಸಿಕ್ಕಿದರೆ ನನ್ನ ತಲೆ ತೆಗೆಯಿರಿ ಎಂದ. ಮಾತು ನಿಜವೇ. ಬೋಧಕ ಮನೆಯೊಳಗಿರಲಿಲ್ಲ. ಅಂಗಳದಲ್ಲಿ ಬಟ್ಟೆ ನೆನೆಹಾಕಿದ್ದ ಮಜ್ಜಿಗೆ ತೊಟ್ಟಿಯಲ್ಲಿ, ಮಡಿಕೆಗಳ ಕೆಳಗೆ, ಜೊಂಡಿನ ಕೊಳವೆಯನ್ನು ಬಾಯಿಗಿಟ್ಟುಕೊಂಡು ಉಸಿರಾಡುತ್ತಿದ್ದ. ಆಮೇಲೆ ಬದುಕಿರುವಷ್ಟು ಕಾಲ ಆ ಪುಣ್ಯಾತ್ಮನಿಗೆ ಮಜ್ಜಿಗೆಯ ವಾಸನೆ ಬಡಿದರೆ ಸಾಕು, ಊಟದಿಂದ ಏಳುತ್ತಿದ್ದನಂತೆ.

ಈ ಪಂಥದವರನ್ನು ಮೆನ್ನಿಸ್ಟರೆನ್ನುತ್ತಾರೆ. ಅವರು ಆಣೆ ಇಡುವುದಿಲ್ಲ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಅದರ ಮೇಲೆ ದೇವರನ್ನು ಸಾಕ್ಷಿಗೆ ಎಳೆಯುವುದು ಪಾಪ. ಬಾಯಲ್ಲಿ ಸುಳ್ಳು ಬರಬಾರದು ಎಂದು ಬಿಗಿಯಾಗಿ ಕಟ್ಟಿಕೊಂಡವರಿಗೆ ಒಂದು ಕಿಂಡಿಯೂ ಬೇಕಲ್ಲ? ನಿಜವನ್ನೇ ಆಡಿ ಕೇಳುವವನನ್ನು ಬೇರೆ ದಾರಿಗೆ ಹಚ್ಚುವ ಯೋಸನ ವಿದ್ಯೆಯೇ ಆ ಕಿಂಡಿ. ಊರವರು ಅದಕ್ಕೆ ಮೆನ್ನಿಸ್ಟ್ ಸುಳ್ಳು ಎಂದು ಹೆಸರಿಟ್ಟು ನಗುತ್ತಿದ್ದರು. ಗಿಲ್ಲಿಸನ ಮನೆತನಕ್ಕೆ ಎರಡು ಆಸ್ತಿ: ಮುತ್ತಜ್ಜಿಯ ಕತ್ತು, ಅಜ್ಜನ ನಾಲಿಗೆ. ಯಾರ ಪಾಲಿಗೆ ಯಾವುದು ಬರುತ್ತದೆಂದು ಹುಟ್ಟುವಾಗ ಯಾರಿಗೆ ಗೊತ್ತಾಗುತ್ತದೆ?

ಅಪ್ಪ ಪೌವೆಲ್ಸ್ ದೊಡ್ಡದೇನನ್ನೂ ಮಾಡಲಿಲ್ಲ. ಆದರೆ ಮಜ್ಜಿಗೆ ತೊಟ್ಟಿಗೆ ಕಿವಿಕೊಟ್ಟು ಒಳಗಿನ ಸ್ಥಿತಿ ಹೇಳುತ್ತಿದ್ದ. ನೇಕಾರನ ಮನೆಯಿಂದ ಬರುವ ನಾರುಬಟ್ಟೆ ಹಳೆಯ ಹುಲ್ಲಿನ ಬಣ್ಣದ್ದು. ಅದನ್ನು ಬೂದಿನೀರಿನಲ್ಲಿ ಬೇಯಿಸಿ, ಹುಲ್ಲುಗಾವಲಿನ ಮೇಲೆ ಹಾಸಿ, ಉದ್ದ ಹಿಡಿಯ ಮರದ ಸೌಟಿನಲ್ಲಿ ಕಾಲುವೆ ನೀರು ಎರಚಿ, ಬಿಸಿಲು ಕುಡಿಸಿ, ಮತ್ತೆ ಬೇಯಿಸಿ, ಮತ್ತೆ ಹಾಸಿ, ಕೊನೆಗೆ ಹುಳಿ ಮಜ್ಜಿಗೆಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಬೇಕು. ತೊಟ್ಟಿ ಗುಳುಗುಳು ಎಂದು ಮಾತಾಡತೊಡಗುತ್ತದೆ. ಆ ಮಾತು ನಿಂತ ದಿನವೇ ಬಟ್ಟೆ ಎತ್ತಿ ತೊಳೆಯಬೇಕು. ತಡೆದರೆ ಹುಳಿ ನೂಲಿಗೆ ಹತ್ತುತ್ತದೆ. "ಗುಳ್ಳೆ ನಿಂತ ದಿನ ಬಟ್ಟೆ ಎತ್ತು, ಅಪ್ಪ ಸತ್ತ ದಿನವಾದರೂ ಎತ್ತು" ಎನ್ನುವುದು ಪೌವೆಲ್ಸನ ಮಾತು. ಅವನು ಸತ್ತದ್ದು ಅಂಥ ದಿನವೇ. ಗಿಲ್ಲಿಸ್ ಮೊದಲು ಬಟ್ಟೆ ಎತ್ತಿ, ಆಮೇಲೆ ಅಪ್ಪನ ಕಣ್ಣು ಮುಚ್ಚಿದ. ಅಂಥ ಮಗನೇ ಮುಂದೊಂದು ದಿನ ಗುಳ್ಳೆ ನಿಂತರೂ ಬಟ್ಟೆ ಎತ್ತಲಿಲ್ಲ. ಅವನ ಕತೆ ಕೆಟ್ಟದ್ದು ಅಲ್ಲಿಂದಲೇ.

ಚಲುವೆಯವನ ಕೈಯಲ್ಲಿ ಒಂದು ಬೂದುಗಾಜು ಇದ್ದೇ ಇರುತ್ತದೆ, ಬಟ್ಟೆಯ ಎಳೆಗಳನ್ನು ದೊಡ್ಡದಾಗಿ ಕಂಡು ಎಣಿಸುವುದಕ್ಕೆ. ಗಿಲ್ಲಿಸನ ಗಾಜು ಒಂದು ಸಲ ಕಲ್ಲಿನ ಮೇಲೆ ಬಿದ್ದು ಚೂರಾಯಿತು. ಚೂರನ್ನು ದೀಪಕ್ಕೆ ಹಿಡಿದು ಅಂಟಿಸಲು ಹೋದ. ಗಾಜು ಪಾಕದಂತೆ ಎಳೆ ಬಂತು. ಎಳೆಯ ತುದಿಯನ್ನು ಮತ್ತೆ ಉರಿಗೆ ತೋರಿಸಿದರೆ ಸಾಸಿವೆಗಿಂತ ಸಣ್ಣ ಮಣಿಯಾಯಿತು. ಆ ಮಣಿಯನ್ನು ಕಣ್ಣಿಗೆ ಒತ್ತಿ ಹಿಡಿದು ಒಂದು ನೂಲಿನೆಳೆ ನೋಡಿದ. ನೂಲು ಹಡಗಿನ ಹಗ್ಗವಾಗಿತ್ತು.

ಅಂದಿನಿಂದ ಅವನಿಗೆ ಅದೇ ಹುಚ್ಚು ಹಿಡಿಯಿತು. ಎರಡು ಹಿತ್ತಾಳೆ ತಗಡುಗಳ ನಡುವೆ ಮಣಿಯನ್ನು ಸಿಕ್ಕಿಸಿ, ಮುಂದೆ ಒಂದು ಸೂಜಿಮೊನೆ ನಿಲ್ಲಿಸಿ, ಮೊನೆಗೆ ಬೇಕಾದ್ದನ್ನು ಅಂಟಿಸಿ, ಹಿಂದೆ ಒಂದು ತಿರುಪು ಇಟ್ಟು ಹತ್ತಿರ ದೂರ ಮಾಡುವುದು. ತಿರುಪು ಕೂದಲೆಳೆಯಷ್ಟು ಹೆಚ್ಚಾದರೆ ಕಂಡದ್ದೆಲ್ಲ ಮಾಯ. ಹಾಗಾಗಿ ಒಂದು ಸಲ ಚೆನ್ನಾಗಿ ಕಂಡಿತೆಂದರೆ ಆ ತಗಡನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಕಂಡದ್ದು ಅದರಲ್ಲೇ ಇರಲಿ ಎಂದು ಮೊಳೆಗೆ ನೇತುಹಾಕಿ, ಇನ್ನೊಂದನ್ನು ನೋಡಲು ಇನ್ನೊಂದು ಮಣಿ ಮಾಡುತ್ತಿದ್ದ. ನೊಣದ ಕಾಲಿಗೊಂದು ತಗಡು, ಚಿಗಟದ ಬಾಯಿಗೊಂದು ತಗಡು. ಹೆಂಡತಿ ಮೈಕೆನ್ ಪಾತ್ರೆ ನೇತುಹಾಕಲು ಗೋಡೆಯಲ್ಲಿ ಒಂದು ಮೊಳೆಯನ್ನೂ ಉಳಿಸಲಿಲ್ಲವೆಂದು ಗೊಣಗುತ್ತಿದ್ದಳು.

ಒಂದು ದಿನ ಗುಳುಗುಳು ಎನ್ನುವ ತೊಟ್ಟಿಯಿಂದ ಒಂದು ಹನಿ ಮಜ್ಜಿಗೆಯನ್ನು ತೆಳುಗಾಜಿನ ಕೊಳವೆಗೆ ಹೀರಿ ಮಣಿಯ ಮುಂದಿಟ್ಟು ಆಕಾಶಕ್ಕೆ ಹಿಡಿದ. ಹನಿಯೊಳಗೆ ಜಾತ್ರೆ ನೆರೆದಿತ್ತು. ಉರುಟುರುಟಾಗಿ, ಒಂದರ ಬೆನ್ನಿಗೊಂದು ಮೊಗ್ಗೊಡೆದು, ಸಾಲುಸಾಲಾಗಿ ನಿಂತ ಸಣ್ಣ ಜೀವಗಳು. ಅವುಗಳ ಸಂದಿಯಲ್ಲಿ ಅದಕ್ಕಿಂತ ಸಣ್ಣವು, ಇರುವುದೋ ಇಲ್ಲವೋ ಎನ್ನುವ ಹಾಗೆ ನಡುಗುತ್ತಿದ್ದವು. ಗಿಲ್ಲಿಸ್ ಅವಕ್ಕೆ ಮರಿಗಳು ಎಂದು ಹೆಸರಿಟ್ಟ. ಅಪ್ಪ ಜನ್ಮವೆಲ್ಲ ಕಿವಿಯಲ್ಲಿ ಕೇಳಿದ್ದು ಇವುಗಳ ಮಾತನ್ನೇ ಎಂದು ಹೊಳೆದಾಗ ಅವನು ಅಂಗಳದಲ್ಲಿ ಕುಕ್ಕರಿಸಿ ಕೂತು ಅತ್ತನಂತೆ.

ಸುದ್ದಿ ಹಬ್ಬಿ ಪಟ್ಟಣದ ಜನ ನೋಡಲು ಬರತೊಡಗಿದರು. ಬಂದವರಿಗೆಲ್ಲ ಅವನು ತಗಡನ್ನು ಕೊಟ್ಟು ಆಕಾಶದ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದ. ಹಾಗೆ ನೋಡುವುದು ಸುಲಭದ ಮಾತಲ್ಲ. ಮಣಿಯನ್ನು ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿಯಬೇಕು, ಉಸಿರು ಕಟ್ಟಬೇಕು, ಕೈ ನಡುಗಬಾರದು. ಹೆಚ್ಚಿನವರಿಗೆ ಕಂಡದ್ದು ಅವರವರ ರೆಪ್ಪೆಗೂದಲು. ಆದರೆ ದೂರದಿಂದ ಬಂದು ಏನೂ ಕಾಣಲಿಲ್ಲ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಆಹಾ, ಕಂಡೆ ಕಂಡೆ ಎನ್ನುತ್ತಿದ್ದರು. ಒಬ್ಬ ಮಾಂಸದ ವ್ಯಾಪಾರಿ ತಾನು ರೆಕ್ಕೆಯಿರುವ ಕುದುರೆಯನ್ನೇ ಕಂಡೆನೆಂದ. ಗಿಲ್ಲಿಸ್ ಹೂಂಗುಟ್ಟುತ್ತಿದ್ದ. ಇಲ್ಲ ಸ್ವಾಮಿ, ನಿಮಗೆ ಕಾಣಲಿಲ್ಲ, ಮತ್ತೆ ನೋಡಿ ಎಂದು ಒಬ್ಬನಿಗೂ ಹೇಳಲಿಲ್ಲ. ಹೊಗಳಿಕೆ ಬೆಲ್ಲದಂಥದ್ದು, ಇರುವೆ ಬಿದ್ದಿದೆ ಎಂದು ಗೊತ್ತಿದ್ದರೂ ನಾಲಿಗೆ ಬಿಡುವುದಿಲ್ಲ.

ಇಷ್ಟು ನಯವಾದ ಮಣಿಯನ್ನು ಯಾವ ಕಲ್ಲಿನಲ್ಲಿ ಉಜ್ಜುತ್ತೀಯ ಎಂದು ಕೇಳಿದವರೂ ಇದ್ದರು. ಉರಿಯಲ್ಲಿ ಕರಗಿಸುವ ಗುಟ್ಟನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. "ಆ ಕಲ್ಲನ್ನ ನಾನು ಇವತ್ತಿನವರೆಗೂ ಯಾರ ಕಣ್ಣಿಗೂ ಬೀಳಿಸಿಲ್ಲ" ಎನ್ನುತ್ತಿದ್ದ. ಇಲ್ಲದ ಕಲ್ಲು ಯಾರ ಕಣ್ಣಿಗೆ ಬಿದ್ದೀತು? ಹಾರ್ಲೆಮಿನ ಗಾಜಿನವರು ಹತ್ತೂರು ತಿರುಗಿ ಕಲ್ಲು ಹುಡುಕಿ, ಕೈ ಸವೆಸಿಕೊಂಡು, ಕೊನೆಗೆ ಕಲ್ಲೇ ಇಲ್ಲವೆಂದು ತಿಳಿದು ಬೈದರು. ಗಿಲ್ಲಿಸನ ಕಲ್ಲು ಎಂಬುದು ಹೆಂಡದಂಗಡಿಗಳಲ್ಲಿ ಗಾದೆಯಾಯಿತು. ಅವನ ಪಂಥದ ಹಿರಿಯರಿಗೂ ಇದು ಹಿಡಿಸಲಿಲ್ಲ. ದೇವರು ಕಣ್ಣಿಗೆ ಮರೆಮಾಡಿ ಇಟ್ಟದ್ದನ್ನು ಕೆದಕುವುದು ಅಹಂಕಾರವೆಂದು ಸಭೆಯಲ್ಲಿ ಎಲ್ಲರೆದುರು ಹೇಳಿದರು. ಅವರಲ್ಲೊಬ್ಬನೂ ಆ ತಗಡನ್ನು ಕೈಯಲ್ಲಿ ಮುಟ್ಟಲಿಲ್ಲ.

ಮರಿಗಳಿಗೆ ಬೆಳಕು ಬೇಕು. ಮೋಡದ ದಿನ ಕಾಣುವುದಿಲ್ಲ. ಬಿಸಿಲು ಬಿದ್ದ ದಿನ ಗಿಲ್ಲಿಸ್ ಬಲಗಣ್ಣನ್ನು ಆಕಾಶಕ್ಕೆ ಕೊಟ್ಟು ನಿಲ್ಲುತ್ತಿದ್ದ, ಆಸೆಗೆ ಬಿದ್ದು ಸೂರ್ಯನ ಮಗ್ಗುಲಿಗೇ ಹಿಡಿಯುತ್ತಿದ್ದ. ಎಡಗಣ್ಣು ಚಿಕ್ಕಂದಿನ ಸಿಡುಬಿನಿಂದ ಮಂಜಾದದ್ದು. ಹೀಗಿರಲು ಒಂದು ವಸಂತದಲ್ಲಿ ಬಲಗಣ್ಣಿನ ನಡುಮಧ್ಯದಲ್ಲಿ ಒಂದು ಕಪ್ಪು ಚುಕ್ಕೆ ಕೂತಿತು. ಏನನ್ನು ನೋಡಿದರೆ ಅದರ ಮೇಲೇ ಹೋಗಿ ಕೂರುತ್ತಿತ್ತು. ಮೈಕೆನಳ ಮುಖ ನೋಡಿದರೆ ಕಿವಿ ಕಾಣುತ್ತಿತ್ತು, ಮುಖ ಇರುತ್ತಿರಲಿಲ್ಲ. ಚುಕ್ಕೆ ದಿನದಿನಕ್ಕೆ ಅಗಲವಾಯಿತು. ಕಣ್ಣಿಗೇನಾಗಿದೆ ಎಂದು ಅವಳು ಕೇಳಿದರೆ ಅವನ ಬಾಯಲ್ಲಿ ಅಜ್ಜನ ನಾಲಿಗೆ ಆಡುತ್ತಿತ್ತು.

"ಕಾಣೋದೆಲ್ಲ ಕಾಣ್ತಾ ಇದೆ ಕಣೇ."

ಕಾಣದ್ದು ಕಾಣುತ್ತಿಲ್ಲ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಕಣ್ಣು ಪೂರ್ತಿ ಹೋಗುವುದರೊಳಗೆ ಒಂದನ್ನು ತಿಳಿಯಬೇಕೆಂಬ ಹಟ ಅವನನ್ನು ಹಿಡಿಯಿತು. ಗುಳ್ಳೆ ನಿಂತ ಮೇಲೆ ಮರಿಗಳು ಎಲ್ಲಿಗೆ ಹೋಗುತ್ತವೆ? ಸಾಯುತ್ತವೆಯೋ, ಮಲಗುತ್ತವೆಯೋ? ಪಟ್ಟಣದ ದೊಡ್ಡ ವರ್ತಕನೊಬ್ಬನ ಬಟ್ಟೆ ಆಗ ತೊಟ್ಟಿಯಲ್ಲಿತ್ತು. ತೊಟ್ಟಿಯ ಮಾತು ನಿಂತಿತು. ಗಿಲ್ಲಿಸ್ ಬಟ್ಟೆ ಎತ್ತಲಿಲ್ಲ. ನಾಳೆ ಒಂದು ಹನಿ ನೋಡಿ ಎತ್ತುತ್ತೇನೆ ಎಂದುಕೊಂಡ. ನಾಳೆ ಮೋಡ ಕವಿಯಿತು. ಮರುದಿನವೂ ಮೋಡವೇ. ಬಿಸಿಲಿಗೆ ಕಾಯುತ್ತಾ, ಉಳಿದ ಅರೆಗಣ್ಣನ್ನು ಬೇಡಿಕೊಳ್ಳುತ್ತಾ ಕೂತ. ಕೊನೆಗೆ ಮೈಕೆನ್ ಬೈದು ತಾನೇ ಕಲ್ಲು ಇಳಿಸಿ ಬಟ್ಟೆ ಎತ್ತಿಸಿದಳು. ಆ ಬೇಸಿಗೆಯೆಲ್ಲ ಮಳೆ. ಹಾಸಿದ ಬಟ್ಟೆ ಒಣಗದೆ ಹುಲ್ಲಿನ ಮೇಲೆ ತೊಪ್ಪೆಯಾಗಿ ಬಿದ್ದಿತ್ತು. ಅದರ ಮೇಲೆ ಅಲ್ಲಲ್ಲಿ ಬೂದುಬಣ್ಣದ ಕಲೆ ಎದ್ದವು.

ಕಲೆ ಎದ್ದ ದಿನ ಒಂದು ಗಳಿಗೆ ಬಿಸಿಲು ಬಂತು. ಗಿಲ್ಲಿಸ್ ಕಲೆಯ ಜಾಗದ ಒಂದೆಳೆಯನ್ನು ಕಿತ್ತು ಸೂಜಿಮೊನೆಗೆ ಅಂಟಿಸಿ, ಚುಕ್ಕೆಯ ಅಂಚಿನ ಪಕ್ಕದಿಂದ ಕದ್ದುನೋಡಿದ. ನೂಲಿನ ಒಳಗೆ ಕಾಡು ಬೆಳೆದಿತ್ತು. ಬೇರಿನಂಥ ಸಣ್ಣ ಸಣ್ಣ ಬಳ್ಳಿಗಳು ನಾರನ್ನು ಸೀಳಿ ಒಳಹೊಕ್ಕು, ಹೊರಗೆ ದಂಟು ನೀಡಿ, ದಂಟಿನ ತುದಿಯಲ್ಲಿ ಕಪ್ಪು ತಲೆ ಹೊತ್ತು ನಿಂತಿದ್ದವು. ಅದೂ ಜೀವ. ಅದೇ ಬಟ್ಟೆಯನ್ನು ತಿನ್ನುತ್ತಿತ್ತು. ಬೂಷ್ಟು ಎಂದು ಎಲ್ಲರೂ ಒರೆಸಿ ಎಸೆಯುವುದು ಒಂದು ತೋಟ ಎಂದು ಅಂದು ಅವನು ಕಂಡ. ತಿರುಪನ್ನು ಮುಟ್ಟದೆ ತಗಡನ್ನು ಮೊಳೆಗೆ ಹಾಕಿದ. ಅವನ ಕಣ್ಣು ಮಣಿಯಲ್ಲಿ ಕಂಡ ಕೊನೆಯದು ಅದು. ಸುಗ್ಗಿಯ ಹೊತ್ತಿಗೆ ಚುಕ್ಕೆ ಕಣ್ಣನ್ನೆಲ್ಲ ನುಂಗಿ, ಅಂಚಿನಲ್ಲಿ ಒಂದು ಬೆಳಕಿನ ಬಳೆ ಮಾತ್ರ ಉಳಿಯಿತು.

ವರ್ತಕ ಬಟ್ಟೆಯನ್ನು ಬಿಚ್ಚಿ ಎರಡು ಕೈಯಲ್ಲಿ ಹಿಡಿದೆಳೆದ. ಅದು ನೆನೆದ ರೊಟ್ಟಿಯಂತೆ ಹರಿಯಿತು.

ಹೀಗೆ ಹರಿಯುವ ಬಟ್ಟೆಗೆ ಆ ಸೀಮೆಯಲ್ಲಿ ಒಂದೇ ಅರ್ಥ: ಸುಣ್ಣ. ಮಜ್ಜಿಗೆಯ ಬದಲು ಸುಣ್ಣದ ನೀರು ಹಾಕಿದರೆ ತಿಂಗಳುಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ, ಬಟ್ಟೆ ಹಾಲಿನಂತೆ ಬೆಳ್ಳಗಾಗುತ್ತದೆ, ಒಳಗೆ ಮಾತ್ರ ಸತ್ತಿರುತ್ತದೆ. ಸುಣ್ಣ ಹಾಕಿದವನು ಸಿಕ್ಕಿಬಿದ್ದರೆ ಅವನ ತೊಟ್ಟಿಗಳನ್ನು ಒಡೆದು ಅವನ ಹೆಬ್ಬಾಗಿಲಲ್ಲೇ ಸುಡುತ್ತಾರೆ. ಆಮೇಲೆ ಯಾವ ನೇಕಾರನೂ ಅವನಿಗೆ ಒಂದು ಕರವಸ್ತ್ರವನ್ನೂ ಕೊಡುವುದಿಲ್ಲ. ಅವನ ಮಕ್ಕಳಿಗೂ ಅಷ್ಟೆ. ಮೂರು ತಲೆಮಾರಿನ ಚಲುವೆ ಅಂಗಳ ಅಲ್ಲಿಗೆ ದನ ಮೇಯುವ ಹುಲ್ಲುಗಾವಲು.

ವರ್ತಕನ ದೂರಿಗೆ ಪಟ್ಟಣದ ಬಟ್ಟೆ ಪರೀಕ್ಷಕರು ಕರಿಯ ಅಂಗಿ ತೊಟ್ಟು ಬಂದು ಅಂಗಳದಲ್ಲಿ ನಿಂತರು. ಗಿಲ್ಲಿಸ್ ಮುಚ್ಚುಮರೆ ಇಲ್ಲದೆ ಹೇಳಿದ: ಸುಣ್ಣ ಈ ಅಂಗಳಕ್ಕೆ ಬಂದಿಲ್ಲ, ಗುಳ್ಳೆ ನಿಂತ ಮೇಲೂ ಬಟ್ಟೆ ಬಿಟ್ಟದ್ದು ನನ್ನ ತಪ್ಪು, ಅದಕ್ಕೆ ಏನು ದಂಡವೋ ಹಾಕಿ, ಆದರೆ ನೂಲನ್ನು ತಿಂದದ್ದು ಒಂದು ಜೀವ, ಅದು ಈ ತಗಡಿನಲ್ಲಿದೆ, ನೋಡಿ. ತಡವರಿಸಿ ಮೊಳೆಯಿಂದ ತಗಡನ್ನು ತೆಗೆದುಕೊಟ್ಟ. ಅವನ ಕೈ ಗೋಡೆಯ ಮೇಲೆ ಹುಡುಕಾಡಿದ್ದನ್ನು ಅಂದು ಮೈಕೆನ್ ಕಂಡಳು.

ಮೊದಲನೆಯವನು ನೋಡಿ ಕಣ್ಣು ಉಜ್ಜಿಕೊಂಡ, ಬರಿಯ ಬೂದುಬಣ್ಣ ಎಂದ. ಎರಡನೆಯವನಿಗೆ ಅವನ ರೆಪ್ಪೆ ಕಂಡಿತು. ಮುಖ್ಯ ಪರೀಕ್ಷಕ ಬಹಳ ಹೊತ್ತು ನೋಡಿದ. ಮಣಿಯೊಳಗೆ ಸಿಕ್ಕಿದ್ದ ಒಂದು ಗಾಳಿಗುಳ್ಳೆ ಅವನ ಕಣ್ಣಿಗೆ ಬಿತ್ತೆಂದು ತೋರುತ್ತದೆ.

"ಬೆಳ್ಳಗೆ ಒಂದು ಹರಳು ಕಾಣಿಸ್ತಿದೆ ಗಿಲ್ಲಿಸ್. ನಮ್ಮೂರಲ್ಲಿ ಅದನ್ನ ಸುಣ್ಣ ಅಂತಾರೆ."

ಎಲ್ಲರೂ ನಕ್ಕರು. ತಿರುಪನ್ನು ಇಷ್ಟೇ ಇಷ್ಟು ತಿರುಗಿಸಿ ಎಂದು ಗಿಲ್ಲಿಸ್ ಬೇಡಿಕೊಂಡ. ಎಷ್ಟು ಎಂದು ಅವರು ಕೇಳಿದರು. ಎಷ್ಟೆಂದು ಅವನು ಹೇಗೆ ಹೇಳಿಯಾನು? ಅದು ನೋಡುತ್ತಾ ತಿರುಗಿಸುವವನ ಬೆರಳಿಗೆ ಮಾತ್ರ ಗೊತ್ತಾಗುವಂಥದ್ದು, ಅವನ ಬೆರಳಿಗೆ ಕಣ್ಣೇ ಇರಲಿಲ್ಲ. ಹಾಗಾದರೆ ಎರಡು ಬೆರಳೆತ್ತಿ ಆಣೆ ಇಡು ಎಂದರು. ಅವನು ಇಡುವಂತಿರಲಿಲ್ಲ. ಆಣೆಯ ಬದಲು ಗಂಡಸಿನ ಮಾತು ಎಂದು ಬೇಕಾದರೆ ಹೇಳುತ್ತೇನೆ, ನಮ್ಮವರಿಗೆ ಕಾನೂನು ಅಷ್ಟು ಬಿಟ್ಟಿದೆ ಎಂದ.

ಮುಖ್ಯ ಪರೀಕ್ಷಕ ತಗಡನ್ನು ಅವನ ಅಂಗೈಯಲ್ಲಿಟ್ಟ. "ನಿನ್ನ ಗಂಡಸಿನ ಮಾತು ಯಾವ ಕಲ್ಲಿನಲ್ಲಿ ಉಜ್ಜಿದ್ದಪ್ಪ? ಯಾರ ಕಣ್ಣಿಗೂ ಬೀಳಿಸದ ಕಲ್ಲಲ್ಲೇನು?"

ಗಿಲ್ಲಿಸ್ ತಾನೇ ಬಿತ್ತಿದ ಮುಳ್ಳು ಅವನ ಕಾಲಿಗೇ ಚುಚ್ಚಿತು. ಆದರೂ ಆ ಪರೀಕ್ಷಕ ಕಟುಕನಲ್ಲ. ಮುಂದಿನ ಸಂತೆಯ ದಿನದವರೆಗೆ ಸಮಯ ಕೊಟ್ಟ. ಅಷ್ಟರೊಳಗೆ ಸರ್ಕಾರಿ ಚರ್ಚಿಗೆ ಸೇರಿದ ಯಾವನಾದರೂ ಒಬ್ಬ, ಮೆನ್ನಿಸ್ಟನಲ್ಲದವನು, ಈ ತಗಡಿನಲ್ಲಿ ನೂಲಿನ ಮೇಲೆ ಬೆಳೆದ ಜೀವವನ್ನು ಕಂಡೆನೆಂದು ಬೆರಳೆತ್ತಿ ಹೇಳಿದರೆ ಸುಣ್ಣದ ಮಾತು ಬಿಡುತ್ತೇವೆ, ಇಲ್ಲವಾದರೆ ತೊಟ್ಟಿಗಳನ್ನು ಒಡೆದು ಸುಡಲು ಕೊಡಲಿ ತರುತ್ತೇವೆ ಎಂದು ಹೋದ.

ಹಿಂದೆ ಬಂದು ಕಂಡೆ ಕಂಡೆ ಎಂದಿದ್ದವರ ಬಾಗಿಲಿಗೆಲ್ಲ ಗಿಲ್ಲಿಸ್ ಮೈಕೆನಳ ತೋಳು ಹಿಡಿದು ಹೋದ. ಬಂದು ಇನ್ನೊಮ್ಮೆ ನೋಡಿ ಎಂದು ಕೇಳಿದ. ಒಬ್ಬನಿಗೆ ಸೊಂಟನೋವು, ಒಬ್ಬನ ಹೆಂಡತಿಗೆ ಹೆರಿಗೆ. ರೆಕ್ಕೆಯ ಕುದುರೆ ಕಂಡ ಮಾಂಸದ ವ್ಯಾಪಾರಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಹೊಗಳುವುದು ಬೇರೆ, ಆಣೆ ಬೇರೆ, ಅವತ್ತು ನನಗೆ ಏನೂ ಕಂಡಿರಲಿಲ್ಲ, ನಿನಗೂ ಅದು ಗೊತ್ತಿತ್ತು ಅಂದುಕೊಂಡಿದ್ದೆ ಎಂದ. ಗಿಲ್ಲಿಸನಿಗೆ ಗೊತ್ತಿತ್ತು.

ಉಳಿದವನು ಥೈಸ್, ಮೈಕೆನಳ ತಮ್ಮ. ಹಳ್ಳಿಗಳಿಂದ ಮಜ್ಜಿಗೆ ಪೀಪಾಯಿಗಳನ್ನು ತರುವ ದೋಣಿಯವನು. ಪ್ರೀತಿಸಿದ ಹುಡುಗಿಗಾಗಿ ಪಂಥ ಬಿಟ್ಟು ಸರ್ಕಾರಿ ಚರ್ಚಿಗೆ ಸೇರಿದ್ದ. ಪಂಥದವರು ಅವನೊಡನೆ ಒಂದು ಮೇಜಿನಲ್ಲಿ ಉಣ್ಣುತ್ತಿರಲಿಲ್ಲ. ಗಿಲ್ಲಿಸ್ ಮಾತ್ರ ಮೇಜನ್ನೇ ಹೊರಗಿಟ್ಟು, ಇದು ಅಂಗಳ, ಮೇಜಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನ ಜೊತೆ ಬಟಾಣಿ ಗಂಜಿ ಕುಡಿಯುತ್ತಿದ್ದ. ಆ ಋಣ ಥೈಸನ ಎದೆಯಲ್ಲಿತ್ತು.

ಥೈಸ್ ದೋಣಿ ಕಟ್ಟಿಹಾಕಿ ಬಂದು ನೋಡಲು ಕೂತ. ಹುಟ್ಟು ಹಾಕಿದ ಕೈ, ತಗಡು ಅವನ ಬೆರಳ ನಡುವೆ ಚಿಗಟದ ಹಾಗೆ ಕಳೆದುಹೋಗುತ್ತಿತ್ತು. ಆಕಾಶದಲ್ಲಿ ಬೆಳಕಿಲ್ಲ. ಮೋಡ ತೆಳುವಾದಾಗೆಲ್ಲ ಗಿಲ್ಲಿಸ್ ಮುಖದ ಮೇಲಿನ ಬಿಸುಪಿನಿಂದ ತಿಳಿದು ಈಗ, ಈಗ ಎನ್ನುತ್ತಿದ್ದ. ಥೈಸ್ ಉಸಿರುಕಟ್ಟಿ ನೋಡಿ ಕಣ್ಣಲ್ಲಿ ನೀರು ಸುರಿಸಿಕೊಂಡು ತಗಡನ್ನು ಇಳಿಸುತ್ತಿದ್ದ.

"ಭಾವ, ನನ್ನ ಕಣ್ಣಿಗೆ ದೇವರು ಬಂದ್ರೂ ಈ ತೂತಲ್ಲಿ ಕಾಣಾಕಿಲ್ಲ. ಏನ್ ಕಂಡೆ ಅಂತ ಬಾಯಲ್ಲಾರ ಹೇಳು, ಬಾಯಿಪಾಠ ಮಾಡ್ಕತೀನಿ."

ಗಿಲ್ಲಿಸ್ ಹೇಳಲಿಲ್ಲ. ಹೇಳಿಬಿಟ್ಟರೆ ಅವನು ಕಾಣುವುದನ್ನು ಬಿಟ್ಟು ಕೇಳಿದ್ದನ್ನೇ ಕಾಣುತ್ತಾನೆಂದು ಅವನಿಗೆ ಈಗ ಬುದ್ಧಿ ಬಂದಿತ್ತು. ಮತ್ತೆ ಹಿಡಿ, ಎಡಕ್ಕೆ, ಇನ್ನೂ ಹತ್ತಿರ ಎನ್ನುತ್ತಲೇ ಇದ್ದ. ಅವನ ದನಿ ಬರಬರುತ್ತಾ ಬಾವಿಗೆ ಬಿದ್ದವನ ದನಿಯಂತಾಯಿತು. ಥೈಸ್ ಬೇಸತ್ತು ನಕ್ಕ. "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂತಾರೆ. ನಿನ್ನ ಮನೇಲಿ ಎರಡು ಕಣ್ಣಿಗೂ ಸುಣ್ಣವೇ ಆಯ್ತಲ್ಲ ಭಾವ."

ಸಂತೆಯ ಹಿಂದಿನ ದಿನ, ಮಧ್ಯಾಹ್ನ, ಮೈಕೆನ್ ಕೈಯೊರೆಸಿಕೊಂಡು ಬಂದು ತಗಡನ್ನು ತಾನು ತೆಗೆದುಕೊಂಡಳು. ಇಷ್ಟು ವರ್ಷ ಅವಳು ಅದನ್ನು ಮುಟ್ಟಿರಲಿಲ್ಲ. ಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು, ಮಣಿಯನ್ನು ಆಕಾಶಕ್ಕೆ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ, ಕಂಡಿತು ಎಂದಳು. ಗಿಲ್ಲಿಸ್ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಬಣ್ಣ ಬಂದಿತ್ತು. ಅವಳು ಆಣೆ ಇಡುವಂತಿಲ್ಲ, ಅವಳ ಮಾತು ಪರೀಕ್ಷಕರ ಮುಂದೆ ನಡೆಯುವುದಿಲ್ಲ. ಹಾಗಿದ್ದರೂ ಇನ್ನೊಂದು ಜೀವ ಅದನ್ನು ಕಂಡಿತಲ್ಲ. ತಾನು ಕಂಡದ್ದು ಕನಸಲ್ಲ ಎನ್ನಲು ಅಷ್ಟು ಸಾಕಾಗಿತ್ತು.

"ತಲೆ ಹೊತ್ಕೊಂಡು ನಿಂತಿವೆ ಅಲ್ವಾ ಮೈಕೆ? ಯಾವ ಬಣ್ಣ ಆ ತಲೆ?"

ಮೈಕೆನ್ ತಗಡನ್ನು ಇಳಿಸಲಿಲ್ಲ.

"ಕಾಣೋದೆಲ್ಲ ಕಾಣ್ತಾ ಇದೆ ಕಣ್ರೀ."

ತನ್ನ ಮಾತನ್ನು ತನ್ನ ಹೆಂಡತಿಯ ಬಾಯಲ್ಲಿ ಕೇಳಿ ಗಿಲ್ಲಿಸ್ ಬಿದ್ದ ಕುರ್ಚಿಯನ್ನು ತಡಕಿ ಎತ್ತಿ ನಿಲ್ಲಿಸಿ, ಅದರಲ್ಲಿ ಕೂತ. ಅವಳನ್ನು ಬೈಯಲಿಲ್ಲ. ಅವಳ ಕೈ ಎಲ್ಲಿದೆಯೆಂದು ಹುಡುಕಿ, ಸಿಕ್ಕಿದ ಮೇಲೆ ಹಿಡಿದುಕೊಂಡ. ಕಣ್ಣಿನ ವಿಷಯದಲ್ಲಿ ಅವನು ಅವಳಿಗೆ ಇದನ್ನೇ ತಿನ್ನಿಸಿದ್ದ. ಅವಳು ಪ್ರೀತಿಯಿಂದ ಅದನ್ನೇ ಬಡಿಸಿದ್ದಳು.

ಥೈಸನಿಗೆ ಇದನ್ನು ನೋಡಲಾಗಲಿಲ್ಲ. ತಗಡನ್ನು ಅಕ್ಕನ ಕೈಯಿಂದ ಕಿತ್ತುಕೊಂಡು ಅಂಗಳಕ್ಕೆ ಹೋದ. ಈ ಹಾಳು ತಿರುಪಿನಲ್ಲೇ ಇರಬೇಕು ಗುಟ್ಟು ಎಂದು, ಗಿಲ್ಲಿಸ್ ಬೇಡ ಬೇಡ ಎನ್ನುವಷ್ಟರಲ್ಲಿ ದೋಣಿಯ ಹಗ್ಗ ಬಿಗಿಯುವವನಂತೆ ತಿರುಗಿಸಿದ. ಕಡ್ಲೆ ಒಡೆದಷ್ಟು ಸದ್ದೂ ಆಗಲಿಲ್ಲ. ಸೂಜಿಮೊನೆ ಮಣಿಗೆ ಹೊಡೆಯಿತು; ಮಣಿ ಒಡೆದು ಹುಲ್ಲಿನ ಮೇಲೆ ಉದುರಿತು, ಜೊತೆಗೆ ಆ ನೂಲೆಳೆಯೂ. ಮಳೆಗೆ ನೆನೆದ ಹುಲ್ಲಿನಲ್ಲಿ ಅದನ್ನು ಹುಡುಕುವುದುಂಟೆ? ಥೈಸ್ ಮಂಡಿಯೂರಿ ಕೂತು ಹುಡುಕಿದ. ದೊಡ್ಡ ಮೈಯ ಗಂಡಸು, ಮೂಗು ಸುರಿಸಿಕೊಂಡು ಅಳುತ್ತಾ ಹುಲ್ಲು ಸವರಿದ. ಏನಾಯಿತೆಂದು ಗಿಲ್ಲಿಸನಿಗೆ ಆ ಅಳುವಿನಿಂದಲೇ ಗೊತ್ತಾಯಿತು. ಇನ್ನೊಂದು ಎಳೆಯನ್ನು ಗೋಡೆಯ ಬೇರೊಂದು ತಗಡಿಗೆ ಅಂಟಿಸೋಣವೆಂದರೆ ತಿರುಪು ಹೊಂದಿಸುವ ಕಣ್ಣು, ಹೊಸ ಮಣಿ ಕರಗಿಸುವ ಕಣ್ಣು ಯಾರಿಗಿದೆ? ಉರಿಯ ಗುಟ್ಟನ್ನು ಬಚ್ಚಿಟ್ಟವನಿಂದ ಆ ಕೆಲಸವನ್ನು ಆ ಊರಲ್ಲಿ ಒಬ್ಬನೂ ಕಲಿತಿರಲಿಲ್ಲ.

ಥೈಸ್ ಎದ್ದು ಬಂದಾಗ ಅವನ ದನಿ ಬೇರೆಯಾಗಿತ್ತು. "ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು ಭಾವ. ಇನ್ನು ಅದರಲ್ಲಿ ಏನಿತ್ತು, ಏನಿರಲಿಲ್ಲ ಅಂತ ನನ್ನ ಮುಂದೆ ಯಾವನೂ ಸಾಧಿಸಂಗಿಲ್ಲ. ನಾಳೆ ನಾನು ಹೋಗ್ತೀನಿ. ಕಂಡೆ ಅಂತೀನಿ. ಆಮೇಲೆ ಒಡೀತು ಅಂತೀನಿ, ಅದಂತೂ ದಿಟವೇ. ನೀನು ಬರಬೇಡ, ಒಂದು ಮಾತೂ ಆಡಬೇಡ. ನಿನ್ನ ನಾಲಿಗೆಗೆ ಏನೂ ಅಂಟಾಕಿಲ್ಲ."

ಮೈಕೆನ್ ಗಂಡನ ಭುಜದ ಮೇಲೆ ಕೈಯಿಟ್ಟಳು. ತೊಟ್ಟಿ ಸುಟ್ಟ ಮೇಲೆ ಈ ಕಣ್ಣು ಕಟ್ಟಿಕೊಂಡು ಎಲ್ಲಿಗೆ ಹೋಗೋಣ ಎಂದಳು. ಪಂಥದ ಬಡವರ ಪೆಟ್ಟಿಗೆಯ ರೊಟ್ಟಿಗೆ ಕೈಯೊಡ್ಡಿ, ಪ್ರತಿ ತುತ್ತಿಗೂ ಅಹಂಕಾರದ ಪಾಠ ಕೇಳುತ್ತಾ ಕೂರೋಣವೇ ಎಂದಳು. "ನೀವು ಹೂಂ ಅನ್ನೋದೂ ಬೇಡ ಕಣ್ರೀ. ಸುಮ್ನೆ ಇರಿ. ಸುಮ್ನೆ ಇದ್ರೆ ಸಾಕು."

ಸುಮ್ಮನಿದ್ದರೆ ಸಾಕು, ತಲೆಯೊಂದನ್ನು ಆಡಿಸಿದರೆ ಸಾಕು. ಗಿಲ್ಲಿಸ್ ಈ ಮಾತನ್ನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದ. ಯೋಸನಾಗಿದ್ದರೆ ಸುಮ್ಮನಿರುತ್ತಿದ್ದ, ಯೋಸನ ತೊಟ್ಟಿಯಲ್ಲಿ ಒಬ್ಬ ಮನುಷ್ಯನ ಜೀವ ಇತ್ತು. ಈ ತೊಟ್ಟಿಯಲ್ಲಿ ಇದ್ದದ್ದು ಮರಿಗಳು. ಅವು ಇವೆ ಎಂದು ಹೇಳಲು ಭೂಮಿಯ ಮೇಲೆ ಅವನೊಬ್ಬನೇ ಇದ್ದ, ಅವನಿಗೂ ಈಗ ಕಣ್ಣಿರಲಿಲ್ಲ. ಅಂಗಳದಲ್ಲಿ ಬೆಳಕಿನ ಬಳೆಯ ಅಂಚಿನಲ್ಲಿ ಏನೋ ಮಸುಕಾಗಿ ಎದ್ದು ನಿಂತದ್ದು ಕಂಡಿತು. ಥೈಸ್ ನಾಳೆಯ ಆಣೆಯನ್ನು ಈಗಲೇ ಕಲಿಯುತ್ತಿದ್ದ. ಬಲಗೈ ಮೇಲೆತ್ತಿ, ಎರಡು ಬೆರಳು ನೀಡಿ, ಸರ್ವಶಕ್ತನಾದ ದೇವರು ಎಂದು ಮೊದಲುಮಾಡಿದ್ದ.

"ಬೆರಳು ಇಳಿಸೋ ಥೈಸ್. ನೀನು ಒಳ್ಳೆಯವನು, ಅದಕ್ಕೇ ಹೇಳ್ತಿದೀನಿ, ಇಳಿಸು. ಇಷ್ಟು ವರ್ಷ ಈ ಅಂಗಳಕ್ಕೆ ಬಂದೋರೆಲ್ಲ ಕಾಣದೆ ಕಂಡೆ ಅಂದ್ರು, ನಾನೂ ಹೂಂ ಅಂದೆ. ಅವರ ಸಾಲಿಗೆ ನೀನೂ ನಿಂತ್ಕೊಂಡ್ರೆ, ನಾನು ಕಂಡದ್ದೂ ಅಂಥದ್ದೇ ಆಗ್ತದೆ. ಆಮೇಲೆ ಅದನ್ನ ನಿಜವಾಗಿ ಕಂಡೋನು ಅಂತ ಒಬ್ಬನೂ ಉಳಿಯಾಕಿಲ್ಲ, ನಾನೂ ಉಳಿಯಾಕಿಲ್ಲ. ತೊಟ್ಟಿ ಸುಟ್ಕೊಳ್ಳಿ. ನಿನ್ನ ಆಣೆ ನಂಗೆ ಬೇಡ."